ಬೂರುಗದ ಬೀಜದಿಂದ ಡೀಸೆಲ್: ಸುಣ್ಣ ಮಾಡುವ ಕೆಲಸ

ಬೋಡಿನಾಯಕನೂರಿನ ಕಡೆ ಏಲಕ್ಕಿಯಂತೆಯೇ ಹೆಸರಾದ ಇನ್ನೊಂದು ಸರಕು ಇಲವಂ ಪಂಜು. ನಮ್ಮ ಮಾತಿನಲ್ಲಿ ಇದು ಬಿಳಿ ಬೂರುಗದ ಹತ್ತಿ. ಹತ್ತಿಯೇನೋ ಹಾಸಿಗೆ ದಿಂಬುಗಳಿಗೆ ಹೋಗುತ್ತದೆ, ಬೀಜ ಹಿಂದೆ ಉಳಿಯುತ್ತದೆ. ಆ ಬೀಜದ ತೂಕದಲ್ಲಿ ಐದನೆಯ ಒಂದು ಪಾಲಿಗಿಂತ ಹೆಚ್ಚು ಎಣ್ಣೆಯಿದೆ. ಹೊಂಗೆ, ಹಿಪ್ಪೆಗಳ ಹಾಗೆ ಇದರ ಎಣ್ಣೆಯಿಂದಲೂ ಜೈವಿಕ ಡೀಸೆಲ್ ಮಾಡಬಹುದು.

ಎಣ್ಣೆಯನ್ನು ಹಾಗೆಯೇ ಪಂಪ್‌ಸೆಟ್ಟಿಗೆ ಹುಯ್ದರೆ ಆಗದೇ ಎಂದು ಕೇಳುವವರುಂಟು. 1900ರ ಪ್ಯಾರಿಸ್ ಪ್ರದರ್ಶನದಲ್ಲಿ ಡೀಸೆಲ್ ಎಂಜಿನ್ನೊಂದನ್ನು ಕಡಲೆಕಾಯಿ ಎಣ್ಣೆಯಿಂದಲೇ ಓಡಿಸಿ ತೋರಿಸಿದ್ದೂ ನಿಜ. ಆದರೆ ಬೀಜದ ಎಣ್ಣೆ ಡೀಸೆಲಿಗಿಂತ ಹತ್ತು ಪಟ್ಟಿನಷ್ಟು ಮಂದ. ದಿನವೂ ಅದನ್ನೇ ಹುಯ್ದರೆ ನಾಜಲ್ ಕಟ್ಟಿ ಮಸಿ ಹಿಡಿಯುತ್ತದೆ. ಆದುದರಿಂದ ಎಣ್ಣೆಯನ್ನು ತೆಳುವಾಗಿಸಬೇಕು.

ಎಣ್ಣೆಯ ಒಂದೊಂದು ಕಣವೂ ಮೂರು ಕೊಬ್ಬಿನ ಆಮ್ಲಗಳನ್ನು ಗ್ಲಿಸರಿನ್ ಎಂಬ ಹಗ್ಗದಿಂದ ಕಟ್ಟಿದ ಹೊರೆಯಿದ್ದಂತೆ. ಮೆಥನಾಲ್ ಎಂಬ ಮದ್ಯಸಾರ ಸೇರಿದಾಗ ಹಗ್ಗ ಬಿಚ್ಚಿ, ಮೂರು ತೆಳುವಾದ ಕಣಗಳಾಗುತ್ತವೆ. ನೂರು ಕಿಲೋ ಎಣ್ಣೆಗೆ ಸುಮಾರು 11 ಕಿಲೋ ಮೆಥನಾಲ್ ಹಿಡಿಯುತ್ತದೆ. ನೂರು ಕಿಲೋದಷ್ಟು ಜೈವಿಕ ಡೀಸೆಲ್, ಹತ್ತು ಕಿಲೋದಷ್ಟು ಗ್ಲಿಸರಿನ್ ದೊರೆಯುತ್ತದೆ. ಕೆಲಸ ಬೇಗ ಮುಗಿಯಲೆಂದು ಮೆಥನಾಲನ್ನು ಇದರ ಇಮ್ಮಡಿ, ಮುಮ್ಮಡಿ ಹಾಕಿ, ಮಿಕ್ಕದ್ದನ್ನು ಬಟ್ಟಿಯಿಳಿಸಿ ಮರಳಿ ಪಡೆಯುತ್ತಾರೆ.

ಆದರೆ ಇವೆರಡೂ ತಾವಾಗಿ ಕೂಡುವುದಿಲ್ಲ. ನಡುವೆ ವೇಗವರ್ಧಕವೊಂದು ಬೇಕು. ಅದು ದನದ ಸಂತೆಯ ದಲ್ಲಾಳಿಯ ಹಾಗೆ: ವ್ಯಾಪಾರ ಕುದುರಿಸುತ್ತದೆ, ದನವನ್ನು ತಾನು ಹೊಡೆದುಕೊಂಡು ಹೋಗುವುದಿಲ್ಲ. (ಕಮಿಷನ್ನೂ ಕೇಳುವುದಿಲ್ಲ!) ವಾಡಿಕೆಯ ವೇಗವರ್ಧಕ ಕಾಸ್ಟಿಕ್ ಸೋಡಾ. ಅದು ಮೆಥನಾಲಿನಲ್ಲಿ ಕರಗಿಬಿಡುತ್ತದೆ. ಎಣ್ಣೆಯಲ್ಲಿ ಬಿಡಿ ಆಮ್ಲವಿದ್ದರೆ ಅದರೊಡನೆ ಸೇರಿ ಸಾಬೂನಾಗುತ್ತದೆ. ಡೀಸೆಲು ಗ್ಲಿಸರಿನ್ನು ಬೇರೆಯಾಗದೆ ಕಲಸಿಹೋಗುತ್ತವೆ. ಮೇಲಾಗಿ ಎಲ್ಲವನ್ನೂ ನೀರಿನಿಂದ ತೊಳೆಯಬೇಕು, ಆ ಕೊಳೆನೀರನ್ನು ಎಲ್ಲಿಗೆ ಬಿಡುವುದು?

ಗಟ್ಟಿ ವೇಗವರ್ಧಕದ ಹೆಚ್ಚುಗಾರಿಕೆ ಇಲ್ಲಿದೆ. ಅದು ಹರಳಾಗಿಯೇ ಉಳಿಯುತ್ತದೆ. ಸೋಸಿ ತೆಗೆದು ಮತ್ತೆ ಬಳಸಬಹುದು. ಅಂಥವುಗಳಲ್ಲಿ ಅಗ್ಗವಾದದ್ದು ಸುಟ್ಟ ಸುಣ್ಣ. ಎಲೆ ಅಡಿಕೆಯ ಸುಣ್ಣ ಈ ಕೆಲಸಕ್ಕಾಗದು, ಅದು ನೀರು ಕುಡಿದ ಸುಣ್ಣ. ಮೊಟ್ಟೆಯ ಚಿಪ್ಪನ್ನು ತೊಳೆದು, ಒಣಗಿಸಿ, 800ರಿಂದ 900 ಡಿಗ್ರಿ ಸೆಲ್ಸಿಯಸ್ ಕಾವಿನಲ್ಲಿ ಸುಟ್ಟರೆ ನೂರು ಗ್ರಾಂ ಚಿಪ್ಪಿಗೆ ಸುಮಾರು ಐವತ್ತು ಗ್ರಾಂ ಸುಣ್ಣ ಉಳಿಯುತ್ತದೆ. ಸುಟ್ಟೊಡನೆ ಬಿಗಿ ಡಬ್ಬಿಗೆ ತುಂಬಬೇಕು. ಗಾಳಿ ತಾಗಿದರೆ ತೇವವನ್ನೂ ಇಂಗಾಲಾಮ್ಲವನ್ನೂ ಹೀರಿ ಶಕ್ತಿ ಕಳೆದುಕೊಳ್ಳುತ್ತದೆ. ಸುಣ್ಣಕ್ಕೂ ದೋಷವುಂಟು: ಪ್ರತಿ ಸಲವೂ ಸ್ವಲ್ಪ ಕರಗುತ್ತದೆ, ಆಮ್ಲ ಹೆಚ್ಚಾದರೆ ಅದೂ ಸಾಬೂನು ಕಟ್ಟುತ್ತದೆ.

ದೊಡ್ಡ ಕಾರ್ಖಾನೆಗಳು ಬೇರೆ ಹರಳುಗಳನ್ನು ಹಿಡಿದಿವೆ. ಫ್ರಾನ್ಸಿನ ಸೆತ್ ಎಂಬ ಊರಿನಲ್ಲಿ ಸತು ಮತ್ತು ಅಲ್ಯೂಮಿನಿಯಂ ಆಕ್ಸೈಡುಗಳ ವೇಗವರ್ಧಕದಿಂದ ನಡೆಯುವ ಕಾರ್ಖಾನೆ 2006ರಲ್ಲಿ ಆರಂಭವಾಯಿತು. ಪುಣೆಯ ರಾಷ್ಟ್ರೀಯ ರಸಾಯನ ಪ್ರಯೋಗಾಲಯದವರು ಅದೇ ವರ್ಷ ಕಬ್ಬಿಣ ಮತ್ತು ಸತುವಿನ ಸಯನೈಡ್ ಸಂಯುಕ್ತವೊಂದನ್ನು ಪ್ರಕಟಿಸಿದರು; ಅದು ಆಮ್ಲವಿರುವ ಎಣ್ಣೆಯನ್ನೂ ಪಳಗಿಸಬಲ್ಲದು.

ಇನ್ನು ಬೆಳೆಗಾರನ ಪಾಲಿನ ಕೆಲಸ. ಒದ್ದೆ ಬೀಜ, ಹಳೆಯ ಬೀಜ, ಬೂಷ್ಟು ಹಿಡಿದ ಬೀಜ ಇವುಗಳ ಎಣ್ಣೆಯಲ್ಲಿ ಆಮ್ಲ ಏರುತ್ತದೆ. ಕಾಯಿ ಒಡೆದೊಡನೆ ಬೀಜವನ್ನು ಚೆನ್ನಾಗಿ ಒಣಗಿಸಿ, ನೆಲಕ್ಕೆ ತಾಗದಂತೆ ಹಲಗೆಯ ಮೇಲೆ ಮೂಟೆ ಇಡಬೇಕು, ಗಾಣಕ್ಕೆ ಬೇಗ ಸಾಗಿಸಬೇಕು. ಎಣ್ಣೆಯ ಆಮ್ಲಾಂಕ 2ರ ಆಸುಪಾಸಿನಲ್ಲಿದ್ದರೆ ನೇರವಾಗಿ ಕೆಲಸಕ್ಕೆ ಬರುತ್ತದೆ. ಮೇಲೇರಿದರೆ ಮೊದಲು ಆಮ್ಲವನ್ನು ಇಳಿಸುವ ಇನ್ನೊಂದು ಕ್ರಮ ಬೇಕಾಗಿ, ಕೊಳ್ಳುವವರು ಅದರ ಖರ್ಚನ್ನು ನಿಮ್ಮ ಬೆಲೆಯಲ್ಲೇ ಮುರಿದುಕೊಳ್ಳುತ್ತಾರೆ.

ಮನೆಯಲ್ಲೇ ಡೀಸೆಲ್ ಕಾಯಿಸುವ ಗೋಜಿಗೆ ಮಾತ್ರ ಯಾರೂ ಹೋಗಕೂಡದು. ಮೆಥನಾಲ್ 65 ಡಿಗ್ರಿಯೊಳಗೇ ಕುದಿಯುತ್ತದೆ, ಆವಿಗೆ ಕಿಡಿ ತಾಗಿದರೆ ಬೆಂಕಿ. ಹೊಟ್ಟೆಗೆ ಹೋದರೆ ಕಣ್ಣು ಹೋಗುತ್ತದೆ, ಪ್ರಾಣವೂ ಹೋಗುತ್ತದೆ. 2024ರ ಜೂನಿನಲ್ಲಿ ಕಳ್ಳಕುರಿಚಿಯಲ್ಲಿ 60ಕ್ಕೂ ಹೆಚ್ಚು ಮಂದಿಯನ್ನು ಕೊಂದ ಕಳ್ಳಭಟ್ಟಿಯಲ್ಲಿ ಬೆರೆತಿದ್ದುದು ಇದೇ. ಆ ಕೆಲಸ ಕಾರ್ಖಾನೆಯವರಿಗಿರಲಿ. ಬೀಜ ಮಾರುವ ಮುನ್ನ ಒಂದು ಸೀಸೆ ಎಣ್ಣೆ ತೆಗೆಸಿ, ಆಮ್ಲಾಂಕದ ಪರೀಕ್ಷೆ ಮಾಡಿಸಿ, ಆ ಚೀಟಿಯನ್ನು ಕೈಯಲ್ಲಿಟ್ಟುಕೊಂಡು ಬೆಲೆ ಮಾತಾಡಿರಿ.