ದೂರದರ್ಶನವೂ ಮನೆಯ ಪೀಠೋಪಕರಣಗಳೂ

ಪಡಸಾಲೆಯಲ್ಲಿ ಕುರ್ಚಿ, ಮಂಚ, ಕಪಾಟುಗಳನ್ನು ಎಲ್ಲಿಡಬೇಕೆಂಬುದನ್ನು ಮನೆಯ ಯಜಮಾನರೇ ನಿರ್ಧರಿಸುವರೆಂದು ನಾವು ತಿಳಿದಿರುತ್ತೇವೆ. ದೂರದರ್ಶನವಿರುವ ಮನೆಯಲ್ಲಿ ಈ ಅಧಿಕಾರದ ಬಹುಪಾಲು ಭೌತಶಾಸ್ತ್ರದ ನಿಯಮಗಳಿಗೆ ಸೇರಿದುದು. ಅದು ಹೇಗೆಂಬುದನ್ನು ಗಂಗಾವತಿ ತಾಲ್ಲೂಕಿನ ಮರಳಿಯಂತಹ ಊರಿನ ಮನೆಯನ್ನು ಕಣ್ಣಮುಂದಿಟ್ಟುಕೊಂಡು ವಿಚಾರಿಸೋಣ.

ಈ ಸೀಮೆಯ ಹಳೆಯ ಮಾಳಿಗೆಮನೆಗಳಲ್ಲಿ ಪೀಠೋಪಕರಣಗಳು ತೀರ ಕಡಮೆ. ಕುಳಿತುಕೊಳ್ಳಲು ಚಾಪೆ, ಕಂಬಳಿ ಅಥವಾ ಜಮಖಾನೆ, ಮಲಗಲು ಹೊರಸು, ಸಾಮಾನುಗಳನ್ನಿಡಲು ದಪ್ಪ ಗೋಡೆಯಲ್ಲಿಯೇ ಬಿಟ್ಟ ಗೂಡುಗಳು. ಇಂತಹ ಕೋಣೆಗೆ ಹಿಂದು ಮುಂದು ಎಂಬುದಿಲ್ಲ. ಜನರು ಗೋಡೆಗೆ ಒರಗಿ, ಒಬ್ಬರಿಗೊಬ್ಬರು ಎದುರಾಗಿ ಕುಳಿತು ಮಾತನಾಡುವರು.

ಈ ಭಾಗದ ಹಳ್ಳಿಗಳಿಗೆ ದೂರದರ್ಶನವು ಮೊದಲು ಬಂದಾಗ ಅದು ಯಾರ ಮನೆಯನ್ನೂ ಹೊಗಲಿಲ್ಲ. 1975ರ ಆಗಸ್ಟ್ 1ರಿಂದ 1976ರ ಜುಲೈ 31ರವರೆಗೆ ‘ಸೈಟ್’ ಎಂಬ ಉಪಗ್ರಹ ಬೋಧನ ಪ್ರಯೋಗವು ಭಾರತದ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಲ್ಲಿ ನಡೆಯಿತು. ಕರ್ನಾಟಕದಲ್ಲಿ ಇದಕ್ಕೆ ಆಯ್ದ ಹಳ್ಳಿಗಳು ಅಂದಿನ ಬಿಜಾಪುರ, ಗುಲ್ಬರ್ಗ, ರಾಯಚೂರು ಜಿಲ್ಲೆಗಳಲ್ಲಿದ್ದವು. 1997ರಲ್ಲಿ ಕೊಪ್ಪಳ ಜಿಲ್ಲೆ ಹುಟ್ಟುವವರೆಗೆ ಗಂಗಾವತಿಯೂ ರಾಯಚೂರು ಜಿಲ್ಲೆಗೇ ಸೇರಿದ್ದಿತು. ಸುಮಾರು 36,000 ಕಿಲೋಮೀಟರು ಎತ್ತರದ ಎ.ಟಿ.ಎಸ್.-6 ಉಪಗ್ರಹವು ಕಳುಹಿದ ಅಲೆಗಳನ್ನು ತಂತಿಬಲೆಯ ದೊಡ್ಡ ಬೋಗುಣಿಯೊಂದು ಹಿಡಿದು, ಸಾರ್ವಜನಿಕ ಕಟ್ಟಡದಲ್ಲಿರಿಸಿದ ಪೆಟ್ಟಿಗೆಗೆ ಕೊಡುತ್ತಿದ್ದಿತು. ಪ್ರೇಕ್ಷಕರು ನೆಲದ ಮೇಲೆ ಕೂಡುವರು. ಪೆಟ್ಟಿಗೆಗೊಂದು ಎತ್ತರದ ಆಸರೆಯ ಹೊರತು ಬೇರೆ ಪೀಠೋಪಕರಣದ ಅಗತ್ಯವೇ ಇರಲಿಲ್ಲ.

1980ರ ದಶಕದಲ್ಲಿ ಪೆಟ್ಟಿಗೆಯು ಮನೆಗಳನ್ನು ಹೊಕ್ಕಿತು; ತೊಡಕು ಅಲ್ಲಿಂದ ಆರಂಭ. ಅದರ ಮುಖ್ಯ ಅಂಗವಾದ ಕ್ಯಾಥೋಡ್ ಕಿರಣ ನಳಿಗೆಯು ಗಾಳಿಯನ್ನು ಹೊರತೆಗೆದ, ಆಲಿಕೆಯ ಆಕಾರದ ಗಾಜಿನ ಪಾತ್ರೆ. ಅದರ ಹಿಂಬದಿಯ ಕುತ್ತಿಗೆಯಿಂದ ಹೊರಟ ಎಲೆಕ್ಟ್ರಾನುಗಳ ಕಿರಣವು ಕಾಂತಕ್ಷೇತ್ರದಿಂದ ಬಾಗಿ, ಪರದೆಯ ಒಳಮೈಯ ಲೇಪವನ್ನು ಬೆಳಗಿಸುತ್ತದೆ. ಕಿರಣವು ನಾಲ್ಕು ಮೂಲೆಗಳನ್ನೂ ಮುಟ್ಟಬೇಕಾದರೆ ಹಿಂದೆ ಸಾಕಷ್ಟು ಅಂತರ ಬೇಕು. ಆದುದರಿಂದ ಪರದೆ ದೊಡ್ಡದಾದಷ್ಟೂ ಪೆಟ್ಟಿಗೆಯ ಆಳ ಹೆಚ್ಚುವುದು. ದೀಪವನ್ನೂ ದೇವರನ್ನೂ ಹಿಡಿಸಿಕೊಂಡಿದ್ದ ಗೋಡೆಯ ಗೂಡು ಇದನ್ನು ಹಿಡಿಸಲಾರದಾಯಿತು. ಎರಡು ಗೋಡೆಗಳು ಕೂಡುವ ಮೂಲೆಯಲ್ಲಾದರೋ ಪೆಟ್ಟಿಗೆಯ ಚೂಪಾದ ಹಿಂಭಾಗ ಸರಿಯಾಗಿ ಕೂಡುತ್ತಿದ್ದಿತು. ಅನೇಕ ಮನೆಗಳಲ್ಲಿ ಟಿ.ವಿ.ಯು ಮೂಲೆ ಹಿಡಿದುದಕ್ಕೆ ಇದೊಂದು ಕಾರಣ.

ಇನ್ನು ತೂಕ. ವಾಯುವಿನ ಒತ್ತಡ ಪ್ರತಿ ಚದರ ಸೆಂಟಿಮೀಟರಿಗೆ ಸುಮಾರು ಒಂದು ಕಿಲೋಗ್ರಾಂ ತೂಕದಷ್ಟು. ಇಪ್ಪತ್ತು ಅಂಗುಲದ ಪರದೆಯ ವಿಸ್ತೀರ್ಣ ಸುಮಾರು 1,200 ಚದರ ಸೆಂಟಿಮೀಟರು, ಒಳಗೆ ನಿರ್ವಾತ. ಎಂದರೆ ಆ ಗಾಜು ಹಗಲಿರುಳೂ ಒಂದು ಟನ್ನಿಗೂ ಮಿಕ್ಕ ಒತ್ತಡವನ್ನು ತಡೆದು ನಿಂತಿರಬೇಕು! ಇದಕ್ಕಾಗಿ ಮುಂಭಾಗದ ಗಾಜನ್ನು ಬಹಳ ದಪ್ಪವಾಗಿ ಮಾಡುತ್ತಿದ್ದರು. ಭಾರವೆಲ್ಲ ಮುಂದಕ್ಕೆ ಸೇರಿದುದರಿಂದ ಗುರುತ್ವಕೇಂದ್ರವೂ ಪರದೆಯ ಕಡೆಗೆ ಸರಿದಿರುತ್ತಿದ್ದಿತು. ಇಂತಹ ಪೆಟ್ಟಿಗೆಯನ್ನು ಸಣ್ಣ ಗಾಲಿಗಳ ಸ್ಟ್ಯಾಂಡಿನ ಮೇಲಿಟ್ಟಾಗ, ಮಗುವೊಂದು ಅಂಚನ್ನು ಹಿಡಿದು ಜೋತುಬಿದ್ದರೆ ಎಲ್ಲವೂ ಅದರ ಮೇಲೆಯೇ ಮಗುಚಬಹುದು. ತೆಳುವಾದ ಇಂದಿನ ಟಿ.ವಿ. ಹಗುರವಾದರೂ ಅದರ ಪಾದ ಕಿರಿದು. ಮೇಜಿನ ಮೇಲಿಡುವವರು ಅದನ್ನು ಪಟ್ಟಿಯಿಂದ ಗೋಡೆಗೆ ಬಿಗಿಯುವುದು ಅವಶ್ಯಕ.

ಕುರ್ಚಿಗಳ ಸ್ಥಾನವನ್ನು ಗೊತ್ತುಮಾಡುವುದು ನಮ್ಮ ಕಣ್ಣು. ಸಾಮಾನ್ಯ ದೃಷ್ಟಿಯುಳ್ಳವರ ಕಣ್ಣು ಒಂದು ಡಿಗ್ರಿಯ ಅರವತ್ತನೆಯ ಒಂದು ಭಾಗಕ್ಕಿಂತ ಕಿರಿದಾದ ಕೋನವನ್ನು ಬಿಡಿಸಿ ಕಾಣಲಾರದು. ವಸ್ತುವಿನ ಅಳತೆಯ ಸುಮಾರು 3,440 ಪಟ್ಟು ದೂರದಲ್ಲಿ ಈ ಕೋನ ಉಂಟಾಗುತ್ತದೆ. ಹಳೆಯ ಪದ್ಧತಿಯಲ್ಲಿ ಚಿತ್ರಕ್ಕೆ ಕಾಣುವ ಗೆರೆಗಳು 576. ಇಪ್ಪತ್ತು ಅಂಗುಲದ ಪರದೆಯ ಎತ್ತರ ಸುಮಾರು 305 ಮಿಲಿಮೀಟರು. ಎಂದರೆ ಗೆರೆಯೊಂದರ ಅಗಲ 0.53 ಮಿಲಿಮೀಟರು. ಗುಣಿಸಿದರೆ ಸುಮಾರು 1.8 ಮೀಟರು, ಅಂದರೆ ಆರು ಅಡಿ. ಅದಕ್ಕಿಂತ ಹತ್ತಿರ ಕುಳಿತರೆ ಗೆರೆಗಳು ಎದ್ದುಕಾಣುವುವು. ಬಹಳ ದೂರ ಸರಿದರೆ ಚಿತ್ರದ ವಿವರ ಮರೆಯಾಗುವುದು. ಇದೇ ಲೆಕ್ಕವನ್ನು 1,080 ಸಾಲುಗಳ, 43 ಅಂಗುಲದ ಹೊಸ ಪರದೆಗೆ ಹಾಕಿರಿ. ಎತ್ತರ 535 ಮಿಲಿಮೀಟರು. ದೂರ ಸುಮಾರು 1.7 ಮೀಟರು! ಚಿತ್ರದ ಎತ್ತರ ಮುಕ್ಕಾಲು ಪಾಲು ಹೆಚ್ಚಿದರೂ ಕುರ್ಚಿ ಕದಲಬೇಕಾಗಿಲ್ಲ.

ಕದಲಿದುದು ಎತ್ತರ. ತೆಳುವಾದ ಪರದೆಯನ್ನು ಗೋಡೆಯ ಮೇಲೆ ದೇವರ ಪಟದಂತೆ ತೂಗುಹಾಕುವುದು ಈಗಿನ ವಾಡಿಕೆ. ಪರದೆಯ ನಡುಬಿಂದು ಐದು ಅಡಿ ಎತ್ತರದಲ್ಲಿದೆಯೆನ್ನೋಣ. ಕುರ್ಚಿಯಲ್ಲಿ ಕುಳಿತವರ ಕಣ್ಣು ನೆಲದಿಂದ ಸುಮಾರು ನಾಲ್ಕು ಅಡಿಯ ಮೇಲಿರುತ್ತದೆ. ಆರು ಅಡಿ ದೂರದಿಂದ ಅವರು ಒಂಬತ್ತು ಡಿಗ್ರಿಯಷ್ಟು ಮೇಲೆ ನೋಡಿದರಾಯಿತು. ನೆಲದ ಮೇಲೆ ಕುಳಿತವರ ಕಣ್ಣಿನ ಎತ್ತರ ಎರಡೂವರೆ ಅಡಿ; ಅವರು ಇಪ್ಪತ್ತೆರಡು ಡಿಗ್ರಿಗೂ ಹೆಚ್ಚು ಕತ್ತೆತ್ತಬೇಕು. ಕಣ್ಣಿಗೆ ಹಿತವಾದ ದೃಷ್ಟಿಯಾದರೋ ತುಸು ಕೆಳಮುಖವಾದುದು. ನಮ್ಮ ಅನೇಕ ಮನೆಗಳಲ್ಲಿ ಕುರ್ಚಿ ಹಿರಿಯರಿಗೂ ಬಂದವರಿಗೂ ಮೀಸಲು. ಕಾಳು ಹಸನು ಮಾಡುತ್ತ, ಸೊಪ್ಪು ಸೋಸುತ್ತ ನೆಲದ ಮೇಲೆ ಕೂಡುವವರು ಹೆಂಗಸರು, ಮಕ್ಕಳು. ಗೋಡೆಗೆ ಮೊಳೆ ಹೊಡೆಯುವವನು ನಿಂತು ನೋಡಿ ಎತ್ತರವನ್ನು ಗುರುತಿಸುವುದು ಇವರ ಕತ್ತಿಗೆ ಅನ್ಯಾಯವೆಂದೇ ಹೇಳಬೇಕು.

ಪರದೆಯ ನಡುವನ್ನು ಮೂರೂಕಾಲು ಅಡಿಗೆ ಇಳಿಸಿದರೆ ನೆಲದವರು ಏಳು ಡಿಗ್ರಿ ಮೇಲಕ್ಕೆ, ಕುರ್ಚಿಯವರು ಏಳು ಡಿಗ್ರಿ ಕೆಳಕ್ಕೆ ನೋಡುವರು. ಕುರ್ಚಿಗಳನ್ನು ಇನ್ನೆರಡು ಅಡಿ ಹಿಂದೆ ಹಾಕಿದರೂ ಮುಂದಿನವರ ತಲೆ ಅಡ್ಡಬಾರದು. ವಿದ್ಯಾರ್ಥಿಗಳು ಸಮರೂಪ ತ್ರಿಕೋನಗಳನ್ನು ಬರೆದು ಇದನ್ನು ಪರೀಕ್ಷಿಸಬಹುದು. ಬೇಕಾದುದು ಒಂದು ಅಳತೆಪಟ್ಟಿ, ಹಾಗೂ ತಾಯಿಯೋ ಅಜ್ಜಿಯೋ ನಿತ್ಯ ಕೂಡುವ ಸ್ಥಳದಲ್ಲಿ ಅವರ ಕಣ್ಣಿನ ಎತ್ತರ.