ಎಲ್ಲದಕ್ಕೂ ‘ರಕ್ಷಣೆ’ಯೇ ಏಕೆ? ಸುದ್ದಿ ಬರೆಯುವವರಿಗೆ ಎಂಟು ಸೂತ್ರಗಳು

ಬಾವಿಗೆ ಬಿದ್ದ ಚಿರತೆಗೂ ‘ರಕ್ಷಣೆ’, ದೇಶದ ಗಡಿಗೂ ‘ರಕ್ಷಣೆ’, ಗ್ರಾಹಕರ ಹಕ್ಕಿಗೂ ‘ರಕ್ಷಣೆ’. ನಮ್ಮ ಪತ್ರಿಕೆಗಳಲ್ಲಿ ಇಷ್ಟು ದುಡಿಯುವ ಪದ ಮತ್ತೊಂದು ಸಿಗಲಿಕ್ಕಿಲ್ಲ. ಕನ್ನಡದಲ್ಲಿ ಪದಗಳಿಗೇನೂ ಬರವಿಲ್ಲ. ಆರಿಸುವ ವ್ಯವಧಾನಕ್ಕೆ ಬರ. ಹೊಸದಾಗಿ ವರದಿಗಾರಿಕೆಗೆ ಬಂದವರು ಈ ಸೂತ್ರಗಳನ್ನು ಗಮನಿಸಿ.

1. ಅಪಾಯ ಬಂದಾಗಿದೆಯೋ, ಬರಬಹುದೋ ನೋಡಿ.
ಬಂದಾಗಿದ್ದರೆ ಕಾಪಾಡು, ಪಾರುಮಾಡು, ಬದುಕಿಸು. ಬರಬಹುದಾದರೆ ಕಾಯು, ಕಾವಲಿರು. ಹೊಲ ಕಾಯುತ್ತಾರೆ, ದನ ಕಾಯುತ್ತಾರೆ, ಗಡಿ ಕಾಯುತ್ತಾರೆ. ಹೊಳೆಯಲ್ಲಿ ಮುಳುಗುತ್ತಿರುವವನನ್ನು ಮಾತ್ರ ಕಾಯಬೇಡಿ. ಕಾದರೆ ಅವನು ಉಳಿಯುವುದಿಲ್ಲ.

2. ‘ಇಂದ’ ಕಂಡಲ್ಲಿ ನಿಲ್ಲಿ.
‘ಪೊಲೀಸರಿಂದ ಬಾಲಕಿಯ ರಕ್ಷಣೆ.’ ಪೊಲೀಸರು ಕಾಪಾಡಿದರೋ, ಪೊಲೀಸರ ಕೈಯಿಂದ ಯಾರಾದರೂ ಕಾಪಾಡಿದರೋ? ಕನ್ನಡದಲ್ಲಿ ಮಾಡಿದವನಿಗೂ ‘ಇಂದ’, ತಪ್ಪಿಸಿಕೊಳ್ಳಬೇಕಾದ ಅಪಾಯಕ್ಕೂ ‘ಇಂದ’. ‘ಹುಲಿಯಿಂದ ರಕ್ಷಣೆ’ ಎಂದರೆ ಗೊಂದಲವಿಲ್ಲ, ಹುಲಿ ಯಾರನ್ನೂ ಕಾಪಾಡುವುದಿಲ್ಲವೆಂದು ಓದುಗನಿಗೆ ಗೊತ್ತು. ಮನುಷ್ಯರ ವಿಷಯದಲ್ಲಿ ಆ ಭರವಸೆ ಇಲ್ಲ. ‘ಬಾಲಕಿಯನ್ನು ಕಾಪಾಡಿದ ಪೊಲೀಸರು’ ಎಂದು ಬರೆದರೆ ಒಂದಕ್ಷರ ಹೆಚ್ಚಾದರೂ ಮಾನ ಉಳಿಯುತ್ತದೆ.

3. ಕ್ರಿಯೆಯನ್ನೇ ಹೇಳಿ.
2024ರ ಏಪ್ರಿಲ್‌ನಲ್ಲಿ ಇಂಡಿ ತಾಲ್ಲೂಕಿನ ಲಚ್ಯಾಣದಲ್ಲಿ ಎಳೆಯ ಮಗುವೊಂದು ಕೊಳವೆಬಾವಿಗೆ ಬಿತ್ತು. ಪಕ್ಕದಲ್ಲಿ ಗುಂಡಿ ತೋಡಿ, ಅಡ್ಡಲಾಗಿ ಕೊರೆದು, ಜೀವಂತವಾಗಿ ಹೊರತೆಗೆದರು. ತೋಡಿದರು, ಕೊರೆದರು, ಹೊರತೆಗೆದರು: ಇಷ್ಟು ಹೇಳಿದ ಮೇಲೆ ‘ರಕ್ಷಿಸುವಲ್ಲಿ ಯಶಸ್ವಿಯಾದರು’ ಎಂಬ ಬಾಲ ಯಾಕೆ?

4. ಸೆರೆಯಲ್ಲಿದ್ದವರಿಗೆ ಬಿಡುಗಡೆ.
ವೀರಪ್ಪನ್ 2000ನೇ ಇಸವಿಯ ಜುಲೈ 30ರಂದು ಗಾಜನೂರಿನಿಂದ ಡಾ. ರಾಜಕುಮಾರ್ ಅವರನ್ನು ಅಪಹರಿಸಿದ. 108 ದಿನಗಳ ನಂತರ ಅವರು ಹಿಂತಿರುಗಿದ್ದು ಸಂಧಾನದಿಂದ, ಹಾಗಾಗಿ ಅದು ‘ಬಿಡುಗಡೆ’. ಪಡೆ ನುಗ್ಗಿ ಕರೆತಂದಿದ್ದರೆ ‘ಬಿಡಿಸಿ ತಂದರು’ ಎನ್ನಬಹುದಿತ್ತು. ಒಂದೇ ಧಾತು, ಆದರೆ ಯಾರ ಕೈ ಮೇಲಾಗಿತ್ತೆಂದು ಎರಡನೆಯದು ಹೇಳಿಬಿಡುತ್ತದೆ.

5. ಭದ್ರತೆ ಬೇರೆ, ಸುರಕ್ಷತೆ ಬೇರೆ.
ಇದರಲ್ಲಿ ಹಳಬರೂ ಎಡವುತ್ತಾರೆ. 2013ರ ಆಹಾರ ಭದ್ರತಾ ಕಾಯ್ದೆ ಬಡವರ ಮನೆಗೆ ಪಡಿತರ ಧಾನ್ಯ ತಲುಪಬೇಕೆನ್ನುತ್ತದೆ. 2006ರ ಆಹಾರ ಸುರಕ್ಷತಾ ಕಾಯ್ದೆ ಆಹಾರದಲ್ಲಿ ವಿಷ, ಕಲಬೆರಕೆ ಇರಬಾರದೆನ್ನುತ್ತದೆ. ಒಂದು ಹೊಟ್ಟೆ ತುಂಬುವ ಮಾತು, ಇನ್ನೊಂದು ಹೊಟ್ಟೆ ಕೆಡದಿರುವ ಮಾತು. ಹೋಟೆಲಿನ ಮೇಲೆ ಅಧಿಕಾರಿಗಳು ದಾಳಿ ಮಾಡಿದ ಸುದ್ದಿಗೆ ‘ಆಹಾರ ಭದ್ರತೆ’ ಎಂದು ತಲೆಬರಹ ಕೊಟ್ಟರೆ ಇಲಾಖೆಯೇ ಬದಲಾಗಿಹೋಗುತ್ತದೆ. ಹಾಗೆಯೇ ಮಂತ್ರಿಗೆ ಕೊಡುವುದು ಭದ್ರತೆ, ಹೆಲ್ಮೆಟ್ ಕೊಡುವುದು ಸುರಕ್ಷತೆ.

6. ಹುಡುಕುತ್ತಿದ್ದರೆ ‘ಶೋಧ’ ಎನ್ನಿ.
ಅಂಕೋಲಾದ ಶಿರೂರಿನಲ್ಲಿ ಗುಡ್ಡ ಕುಸಿದದ್ದು 2024ರ ಜುಲೈ 16ರಂದು. ಆಗ ಗಂಗಾವಳಿ ನದಿಗೆ ಬಿದ್ದಿದ್ದ ಲಾರಿ ಮೇಲೆ ಬಂದದ್ದು ಸೆಪ್ಟೆಂಬರ್‌ನಲ್ಲಿ. ಅಷ್ಟು ದೀರ್ಘ ಹುಡುಕಾಟವನ್ನು ‘ರಕ್ಷಣಾ ಕಾರ್ಯಾಚರಣೆ’ ಎಂದು ಬರೆಯುತ್ತ ಹೋದರೆ, ದಡದಲ್ಲಿ ನಿಂತ, ಕಾಣೆಯಾದವರ ಮನೆಯವರಿಗೆ ಸುಳ್ಳು ಆಸೆ ಕೊಟ್ಟಂತೆ.

7. ಕಾಡು, ಕೆರೆ, ಭಾಷೆಗೆ ‘ಉಳಿಸು’.
1983ರಲ್ಲಿ ಶಿರಸಿಯ ಸಲ್ಕಣಿ ಸುತ್ತಮುತ್ತ ಮರ ತಬ್ಬಿ ನಿಂತ ಅಪ್ಪಿಕೋ ಚಳವಳಿಯವರು ‘ಉಳಿಸು, ಬೆಳೆಸು, ಬಳಸು’ ಎಂದರು. ಮೂರೂ ಮನೆಮಾತಿನ ಪದಗಳು. ‘ಸಂರಕ್ಷಣೆ’ಯನ್ನು 1972ರ ವನ್ಯಜೀವಿ ಕಾಯ್ದೆಯ ಹೆಸರಿಗೆ ಬಿಟ್ಟುಕೊಡಿ, ಅಲ್ಲಿ ಅದು ಒಪ್ಪುತ್ತದೆ. ಪೊರೆ, ಸಲಹು ಎಂಬವು ದೇವರ ಮುಂದಿನ ಪದಗಳು. ‘ರೈತರನ್ನು ಪೊರೆದ ಸರ್ಕಾರ’ ಎಂದು ಬರೆದರೆ ಹೊಗಳಿದಿರೋ ಕುಟುಕಿದಿರೋ ತಿಳಿಯುವುದಿಲ್ಲ.

8. ಬದುಕಿ ಬಂದವರ ಮಾತನ್ನು ತಿದ್ದಬೇಡಿ.
ಬಸ್ ಪಲ್ಟಿಯಾಗಿ ಹೊರಬಂದವನು ‘ಹೆಂಗೋ ಬಚಾವಾದೆ ಸಾರ್’ ಎಂದಿರುತ್ತಾನೆ. ಅಚ್ಚಿನಲ್ಲಿ ಅದು ‘ಪ್ರಾಣಾಪಾಯದಿಂದ ಪಾರಾದೆನು’ ಆಗಿರುತ್ತದೆ. ಬಚಾವ್ ಹಿಂದಿಯಿಂದ ಬಂದಿರಬಹುದು, ಬಂದು ಎಷ್ಟೋ ಕಾಲವಾಯಿತು, ಇರಲಿ ಬಿಡಿ. ಕಾಪಾಡುವ ಅರ್ಥವೇ ಇರುವ ‘ಉದ್ಧಾರ’ದ ಜೊತೆ ಮಾತ್ರ ಹುಷಾರು. ದೇವಸ್ಥಾನದ ಜೀರ್ಣೋದ್ಧಾರ ಸರಿ. ‘ಊರು ಉದ್ಧಾರವಾಯಿತು’ ಎಂದು ನೀವು ಮನಸಾರೆ ಬರೆದರೂ ಊರಿನವರು ಅದನ್ನು ವ್ಯಂಗ್ಯವೆಂದೇ ಓದುತ್ತಾರೆ.