ಬೀರುವಿನ ಹಿಂದಿನ ತೇವ

ಅಪ್ಪ, ಅಮ್ಮ ಇಬ್ಬರೂ ಹೋದ ಮೇಲೆ ಮೈಸೂರು ಕುವೆಂಪುನಗರದ ಮನೆ ಮಾರುವುದೆಂದು ಅಣ್ಣನೂ ನಾನೂ ತೀರ್ಮಾನಿಸಿದೆವು. ಸಾಮಾನು ಖಾಲಿ ಮಾಡುವಾಗ ನಡುಮನೆಯ ಬೀರು ಸರಿಸಿದರೆ, ಹಿಂದಿನ ಗೋಡೆಯಲ್ಲಿ ಮೊಣಕಾಲೆತ್ತರಕ್ಕೆ ಸುಣ್ಣ ಉಬ್ಬಿ ನಿಂತಿತ್ತು. ಉಗುರು ತಾಗಿಸಿದ್ದೇ ತಡ, ಪುಡಿಪುಡಿಯಾಗಿ ಉದುರಿತು. ಆ ಗೋಡೆಯ ಆಚೆ ಬಚ್ಚಲುಮನೆ.

"ಪುಟ್ಟಿ ಹಾಕಿ ಪೇಂಟ್ ಹೊಡೆಸಿಬಿಡಿ ಮೇಡಂ, ಮಳೆಗಾಲದೊಳಗೆ ರಿಜಿಸ್ಟರ್ ಆಗಿಹೋಗುತ್ತೆ" ಎಂದರು ಬ್ರೋಕರ್. ಅಣ್ಣನೂ ಅರೆಮನಸ್ಸಿನಿಂದ ಹೂಂ ಅಂದ. ನನಗೆ ಮನಸ್ಸು ಬರಲಿಲ್ಲ. ಅಪ್ಪ ಕಟ್ಟಿಸಿದ ಮನೆಯನ್ನು ಸುಳ್ಳು ಹೇಳಿ ಕೈದಾಟಿಸುವುದು ಹೇಗೆ? ಪ್ಲಂಬರ್ ಕರೆಸಿ ಟೈಲ್ಸ್ ಒಡೆಸಿದೆವು. ಒಳಗಿನ ಜಿಐ ಪೈಪು ತುಕ್ಕು ಹಿಡಿದು ತೂತಾಗಿತ್ತು. ಹೊಸ ಪೈಪು ಹಾಕಿಸಿ, ಗೋಡೆ ಒಣಗಲು ಮೂರು ವಾರ ಬಿಟ್ಟು, ಆಮೇಲೆ ಗಾರೆ, ಬಣ್ಣ. ಒಟ್ಟು 38 ಸಾವಿರ ರೂಪಾಯಿ. ಫಾಲ್ಸ್ ಸೀಲಿಂಗ್‌ಗೂ ಮಾಡ್ಯುಲರ್ ಕಿಚನ್‌ಗೂ 4 ಲಕ್ಷದ ಎಸ್ಟಿಮೇಟ್ ಬಂದಿತ್ತು; ಬೇಡವೆಂದೆ. ಕೊಳ್ಳುವವರು ಅಡುಗೆಮನೆಯನ್ನು ಹೇಗೂ ತಮಗೆ ಬೇಕಾದಂತೆ ಮಾಡಿಸಿಕೊಳ್ಳುತ್ತಾರೆ.

ರಿಪೇರಿಗಿಂತ ಸತಾಯಿಸಿದ್ದು ಕಾಗದಪತ್ರ. ಖಾತೆ ಇನ್ನೂ ಅಪ್ಪನ ಹೆಸರಲ್ಲಿತ್ತು. ಮರಣ ಪ್ರಮಾಣಪತ್ರ, ವಂಶವೃಕ್ಷ ಕೊಟ್ಟು ನಮ್ಮಿಬ್ಬರ ಹೆಸರಿಗೆ ಮಾಡಿಸಿ, ಇ-ಖಾತೆ ಪಡೆದು, ಇಸಿ ತೆಗೆಸುವಷ್ಟರಲ್ಲಿ ನಾಲ್ಕು ತಿಂಗಳು. ಇ-ಖಾತೆ ಇಲ್ಲದೆ ಈಗ ನೋಂದಣಿ ಆಗುವುದಿಲ್ಲ. ಹಾಗಾಗಿ ಅದು ಕೈಗೆ ಬಂದ ಮೇಲಷ್ಟೇ ಮನೆ ತೋರಿಸಲು ಶುರುಮಾಡಿದೆವು.

ಭಾನುವಾರ ಬೆಳಿಗ್ಗೆ, ಪೂರ್ವದ ಬಾಗಿಲಿನಿಂದ ಬಿಸಿಲು ಒಳಗೆ ಬರುವ ಹೊತ್ತಿಗೆ ಜನರನ್ನು ಕರೆಯುತ್ತಿದ್ದೆವು. ಕೆಲವರು ಮೊಬೈಲಿನಲ್ಲಿ ದಿಕ್ಕು ನೋಡಿದರು, ಕೆಲವರು ನಲ್ಲಿ ತಿರುಗಿಸಿದರು, ಸಂಪಿನ ಮುಚ್ಚಳ ಎತ್ತಿಸಿದರು. ನಿವೃತ್ತ ಉಪಾಧ್ಯಾಯಿನಿಯೊಬ್ಬರು ಮಾತ್ರ ನೇರ ಆ ಗೋಡೆಗೇ ಅಂಗೈ ಒತ್ತಿ ನಿಂತರು. "ಇಲ್ಲೊಂದೇ ಕಡೆ ಬಣ್ಣ ಹೊಸದು, ಯಾಕಮ್ಮ?" ಪ್ಲಂಬರನ ಬಿಲ್ಲು, ಒಡೆದ ಗೋಡೆಯ ಫೋಟೊ ತೋರಿಸಿದೆ. ಮುಂದಿನ ವಾರ ಮಗನ ಜೊತೆ ಬಂದು ಅಡ್ವಾನ್ಸ್ ಕೊಟ್ಟವರು ಅವರೇ. ಚೌಕಾಸಿ ಮಾಡಿ 2 ಲಕ್ಷ ಇಳಿಸಿದರು, ನಿಜ. ಆದರೆ ಗೋಡೆಯ ಮಾತು ಮತ್ತೆ ಎತ್ತಲಿಲ್ಲ.

ಬೆಲೆ 50 ಲಕ್ಷ ದಾಟಿದ್ದರಿಂದ ಅವರು ಶೇ 1 ಟಿಡಿಎಸ್ ಹಿಡಿದು ಉಳಿದದ್ದು ಕೊಟ್ಟರು. ಮಾರುವವರ ಪ್ಯಾನ್‌ಗೆ ಆಧಾರ್ ಜೋಡಣೆಯಾಗದೆ ಅದು ನಿಷ್ಕ್ರಿಯವಾಗಿದ್ದರೆ ಈ ಕಡಿತ ಶೇ 20ಕ್ಕೆ ಏರುತ್ತದೆ, ಮೊದಲೇ ನೋಡಿಕೊಳ್ಳಿ. ಲಾಭದ ತೆರಿಗೆ ಲೆಕ್ಕ ಹಾಕುವಾಗ ನಮ್ಮ ಕೈಹಿಡಿದದ್ದು ಅಪ್ಪನ ಬಿಸ್ಕತ್ತಿನ ಡಬ್ಬಿ. 2004ರಲ್ಲಿ ಮಹಡಿ ಕಟ್ಟಿಸಿದಾಗಿನ ಸಿಮೆಂಟು, ಕಬ್ಬಿಣದ ರಸೀದಿಗಳೆಲ್ಲ ರಬ್ಬರ್‌ಬ್ಯಾಂಡ್ ಹಾಕಿಕೊಂಡು ಅದರಲ್ಲಿದ್ದವು. ಆಡಿಟರ್ ಆ ಖರ್ಚನ್ನು ಲಾಭದಲ್ಲಿ ಕಳೆದರು. ನಿಮ್ಮ ಮನೆಯಲ್ಲೂ ಅಂಥ ರಸೀದಿಗಳಿದ್ದರೆ ದಯವಿಟ್ಟು ಹಳೆಯ ಪೇಪರಿನ ಜೊತೆ ರದ್ದಿಗೆ ಹಾಕಬೇಡಿ.